ಲಾಕ್ ಬಿಟ್ಟವರು ಯಾರು

ನಮ್ಮ ಆಫೀಸಿನಲ್ಲಿ ಆ ದೂರಿಗೆ ‘ಊರಿಗೆ ಹೋದವನು’ ಎಂದೇ ಹೆಸರು ಬಿದ್ದಿತ್ತು. ಪೀಣ್ಯದ ಯಾವುದಾದರೊಂದು ಕಾರ್ಖಾನೆಯಿಂದ ಪದೇ ಪದೇ ಫೋನ್ ಬರುತ್ತಿತ್ತು. ಯಾರೋ ಒಬ್ಬ ಒಂದು ಫೈಲಿಗೆ ಲಾಕ್ ಹಾಕಿಕೊಂಡಿದ್ದಾನೆ, ಅದನ್ನು ಬಿಡದೆ ಮದುವೆಗೋ ಜಾತ್ರೆಗೋ ಊರಿಗೆ ಹೋಗಿದ್ದಾನೆ, ಫೋನ್ ಸ್ವಿಚ್ ಆಫ್, ಇಲ್ಲಿ ಮೆಷಿನ್ ಸುಮ್ಮನೆ ನಿಂತಿದೆ, ಏನಾದರೂ ಮಾಡಿ. ಆಗ ಹೂಡಿಯ ನಮ್ಮ ಆಫೀಸಿನಲ್ಲಿ ಕೂತ ಸರ್ವರ್ ಇಂಜಿನಿಯರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಒಳಗಿಂದ ಕೈಹಾಕಿ ಆ ಲಾಕನ್ನು ಬಿಡಿಸುತ್ತಿದ್ದ. ಬಿಡಿಸುವಾಗಲೆಲ್ಲ ಗೊಣಗುತ್ತಿದ್ದ.

ನಾವು ಮಾಡುತ್ತಿದ್ದದ್ದು ವರ್ಷನ್ ಕಂಟ್ರೋಲ್ ವ್ಯವಸ್ಥೆ. ಫೈಲನ್ನು ಯಾರು ಯಾವಾಗ ಏನು ಬದಲಾಯಿಸಿದರು ಎಂಬುದರ ಚರಿತ್ರೆಯನ್ನು ಇಟ್ಟುಕೊಳ್ಳುವುದು ಅದರ ಕೆಲಸ. ಸಾಫ್ಟ್‌ವೇರ್ ಬರೆಯುವವರಿಗೆ ಇಂಥವು ಬೇಕಾದಷ್ಟಿವೆ. ನಮ್ಮದು ಪ್ಲಾಸ್ಟಿಕ್ ಸಾಮಾನಿನ ಮೋಲ್ಡ್ ತಯಾರಿಸುವ ಕಾರ್ಖಾನೆಗಳಿಗೆ. ಅಲ್ಲಿಯ ಡಿಸೈನ್ ಫೈಲುಗಳನ್ನು ಇಬ್ಬರು ಒಟ್ಟಿಗೆ ತಿದ್ದಿ ಆಮೇಲೆ ಸೇರಿಸಲು ಬರುವುದಿಲ್ಲ. ಆದ್ದರಿಂದ ತಿದ್ದುವವರು ಮೊದಲು ಲಾಕ್ ಹಾಕಬೇಕು, ಮುಗಿದ ಮೇಲೆ ಬಿಡಬೇಕು. ಲಾಕ್ ಇರುವವರೆಗೆ ಬೇರೆಯವರು ಓದಬಹುದು, ಮುಟ್ಟುವಂತಿಲ್ಲ.

ಇದರಲ್ಲಿ ನನ್ನ ಪಾಲಿಗೆ ಬಂದದ್ದು ಎಪಿಐ. ಕಾರ್ಖಾನೆಯ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮುಗಳು ನಮ್ಮ ಸರ್ವರನ್ನು ಏನೇನು ಕೇಳಬಹುದು, ಯಾವ ಮಾತಿನಲ್ಲಿ ಕೇಳಬೇಕು, ಉತ್ತರ ಹೇಗೆ ಬರುತ್ತದೆ ಎಂಬ ಕರಾರು ಅದು. ಬಹುಪಾಲು ಹೆಸರಿಡುವ ಕೆಲಸ. ಹೊರಗಿನವರಿಗೆ ಸುಲಭವೆನಿಸುತ್ತದೆ. ಆದರೆ ಒಮ್ಮೆ ಹೆಸರಿಟ್ಟು ಹೊರಗೆ ಬಿಟ್ಟರೆ ಮುಗಿಯಿತು, ಜನ ಅದನ್ನು ನಂಬಿಕೊಂಡು ತಮ್ಮ ಪ್ರೋಗ್ರಾಮುಗಳನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಒಂದು ಅಕ್ಷರ ಬದಲಾಯಿಸಿದರೂ ಯಾರದೋ ಕೆಲಸ ನಿಲ್ಲುತ್ತದೆ, ಬೈಗುಳ ನಮಗೆ.

‘ಊರಿಗೆ ಹೋದವನ’ ಕಾಟ ತಡೆಯಲಾರದೆ ಕೊನೆಗೆ ಲಾಕಿಗೆ ಆಯುಸ್ಸು ಇಡುವುದೆಂದು ತೀರ್ಮಾನವಾಯಿತು. ಲಾಕ್ ಹಾಕಿದವರ ಕಂಪ್ಯೂಟರ್ ಆಗಾಗ ಸರ್ವರಿಗೆ ‘ನಾನಿದ್ದೇನೆ’ ಎಂದು ಹೇಳುತ್ತಿರಬೇಕು. ಎರಡು ದಿನ ಸುದ್ದಿಯೇ ಇಲ್ಲದಿದ್ದರೆ ಅವರು ಹೋದರೆಂದು ತಿಳಿದು ಸರ್ವರ್ ಲಾಕನ್ನು ಬಿಡಿಸುತ್ತದೆ. ಎರಡು ದಿನ ಎಂದದ್ದೂ ಯೋಚನೆ ಮಾಡಿಯೇ. ಪೀಣ್ಯದಲ್ಲಿ ಕಂಪ್ಯೂಟರುಗಳನ್ನು ಆರಿಸುವ ರೂಢಿ ಇಲ್ಲ. ಆರಿಸಿದರೂ ಭಾನುವಾರ ಒಂದು ದಿನ, ಅದು ದಾಟಿದರೆ ಸಾಕು ಎಂದುಕೊಂಡೆವು. ಪ್ರಾಡಕ್ಟ್ ಮ್ಯಾನೇಜರ್ ಬೋರ್ಡಿನ ಮೇಲೆ ಅದನ್ನು ಬರೆದು ಸುತ್ತ ಒಂದು ಗೆರೆ ಎಳೆದ.

ಉಳಿದದ್ದು ಒಂದು ಚಿಕ್ಕ ಪ್ರಶ್ನೆ. ಆಯುಸ್ಸು ಮುಗಿದ ಲಾಕನ್ನು ಬಿಡಿಸಲು ಎಪಿಐಯಲ್ಲಿ ಬೇರೆ ಆಜ್ಞೆ ಬೇಕೇ? ‘ರಿಲೀಸ್’ ಎಂಬ ಆಜ್ಞೆ ಆಗಲೇ ಇತ್ತು. ಫೈಲ್ ಯಾವುದು, ಲಾಕ್ ಯಾರದು ಎಂದು ಹೇಳಿದರೆ ಅದು ಲಾಕನ್ನು ಬಿಟ್ಟು, ಚರಿತ್ರೆಯಲ್ಲಿ ‘ಇಂಥವರು ಬಿಟ್ಟರು’ ಎಂದು ಒಂದು ಸಾಲು ಬರೆಯುತ್ತಿತ್ತು.

“ಹೊಸದ್ಯಾಕೆ ಮೇಡಂ?” ಎಂದ ಸರ್ವರ್ ಇಂಜಿನಿಯರ್. “ಟೈಮ್ ಮುಗಿದ್ರೆ ಸರ್ವರ್ರೇ ಅವ್ರ ಪರವಾಗಿ ರಿಲೀಸ್ ಕರಿಯತ್ತೆ. ಕೆಲ್ಸ ಒಂದೇ ತಾನೇ?”

ಕೆಲಸ ಒಂದೇ ನಿಜ. ಎಪಿಐಯಲ್ಲಿ ಆಜ್ಞೆಗಳು ಕಡಿಮೆ ಇದ್ದಷ್ಟೂ ಚೆನ್ನ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವಳು ನಾನೇ. ಆಯಿತೆಂದೆ. ಆ ಚರ್ಚೆ ಒಂದು ಲೋಟ ಟೀ ಮುಗಿಯುವಷ್ಟು ಹೊತ್ತೂ ನಡೆಯಲಿಲ್ಲ.

ಕೆಲವು ತಿಂಗಳು ಎಲ್ಲರೂ ನೆಮ್ಮದಿಯಿಂದಿದ್ದೆವು. ಪೀಣ್ಯದ ಫೋನುಗಳು ನಿಂತವು. ಸರ್ವರ್ ಇಂಜಿನಿಯರ್ ಗೊಣಗುವುದನ್ನು ಬಿಟ್ಟ.

ಆಮೇಲೆ ಆಯುಧಪೂಜೆ ಬಂತು. ನಮ್ಮ ಆಫೀಸಿನಲ್ಲೂ ಲ್ಯಾಪ್‌ಟಾಪುಗಳನ್ನು ರಿಸೆಪ್ಶನ್ನಿನ ಮೇಜಿನ ಮೇಲೆ ಸಾಲಾಗಿ ಇಟ್ಟು, ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟೆವು. ಗೇಟಿನ ಮುಂದೆ ಬೂದುಗುಂಬಳ ಒಡೆದರು. ಕಡಲೆಪುರಿ, ಸಿಹಿ ಹಂಚಿಕೊಂಡು ಮನೆಗೆ ಹೋದೆವು. ಮಾರನೆಯ ದಿನ ವಿಜಯದಶಮಿ, ಅದರ ಮಾರನೆಯ ದಿನ ಭಾನುವಾರ. ಪೂಜೆಗಿಟ್ಟ ಆಯುಧವನ್ನು ಹಬ್ಬ ಕಳೆಯುವವರೆಗೆ ಯಾರೂ ಮುಟ್ಟುವುದಿಲ್ಲ. ನಾನೂ ನನ್ನ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಆ ಭಾನುವಾರ ಸರ್ವರಿನಿಂದ ನಮ್ಮ ಫೋನುಗಳಿಗೆ ಎಚ್ಚರಿಕೆಯ ಸಂದೇಶಗಳು ಮಳೆ ಸುರಿದ ಹಾಗೆ ಬಂದವು, ಲಾಕ್ ಆಯುಸ್ಸು ಮುಗಿಯಿತು, ಲಾಕ್ ಆಯುಸ್ಸು ಮುಗಿಯಿತು ಎಂದು. ಸರ್ವರ್ ಇಂಜಿನಿಯರ್ ನಮ್ಮ ಗುಂಪಿಗೆ ಒಂದು ಸಾಲು ಹಾಕಿದ: “ಟೆನ್ಷನ್ ಬೇಡ, ಹಬ್ಬ ಅಲ್ವಾ, ಪೀಣ್ಯ ಪೂರ್ತಿ ಮೇನ್ ಸ್ವಿಚ್ ಆಫ್ ಮಾಡಿರ್ತಾರೆ.” ನಾವೆಲ್ಲ ಅದಕ್ಕೆ ಹೆಬ್ಬೆರಳು ಎತ್ತಿ ತೋರಿಸಿದೆವು. ಮೇನ್ ಸ್ವಿಚ್ ಆಫ್ ಆಗಿರುವುದು ಎಲ್ಲರಿಗೂ ಗೊತ್ತಿತ್ತು. ಆಫ್ ಆದವರೆಲ್ಲ ನಮ್ಮ ಲೆಕ್ಕದಲ್ಲಿ ಊರಿಗೆ ಹೋದವರಾಗುತ್ತಾರೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಮಧ್ಯಾಹ್ನ ಪೀಣ್ಯದ ಒಂದು ಮೋಲ್ಡ್ ಕಾರ್ಖಾನೆಯ ಮಾಲೀಕರು ಫೋನ್ ಮಾಡಿದರು. ಅವರು ಅಲ್ಲಿಯೇ ಹತ್ತಿರದ ಹಳ್ಳಿಯವರು. ಅಪ್ಪನ ಹೊಲ ಕೈಗಾರಿಕಾ ಪ್ರದೇಶವಾದಾಗ ಉಳಿದ ತುಂಡಿನಲ್ಲಿ ಶೆಡ್ ಕಟ್ಟಿಸಿ ಬಾಡಿಗೆಗೆ ಕೊಟ್ಟು, ಕೊನೆಗೆ ಒಂದು ಶೆಡ್ಡಿನಲ್ಲಿ ತಾವೇ ಮೆಷಿನ್ ಹಾಕಿದವರು. ದೊಡ್ಡ ಗಂಟಲು. ಅಂದು ಮಾತ್ರ ಮೆತ್ತಗೆ ಮಾತಾಡಿದರು, ಅದಕ್ಕೇ ನನಗೆ ಭಯವಾಯಿತು.

“ಮೇಡಂ, ಒಂದ್ಸಲ ಬಂದು ನೋಡ್ಕೊಂಡೋಗಿ. ಸ್ಟೀಲ್ ಬ್ಲಾಕು ಪೂರಾ ಸ್ಕ್ರಾಪಾಗೋಗೈತೆ.”

ಹೂಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಪೀಣ್ಯಕ್ಕೆ ಹೋದೆ. ಆ ತಿಂಗಳು ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ, ಈಗ ಮೆಜೆಸ್ಟಿಕ್ಕಿನ ಆ ಎಸ್ಕಲೇಟರ್ ಕಂಡರೆ ಸಾಕು ಮಂಡಿ ನೋಯುತ್ತದೆ.

ಆದದ್ದು ಇಷ್ಟು. ಆ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ಕೆಲಸ ಮಾಡುತ್ತಿದ್ದಳು, ಮೆಷಿನ್ ಎಲ್ಲಿ ಎಷ್ಟು ಕೊರೆಯಬೇಕು ಎಂಬ ಫೈಲ್ ತಯಾರಿಸುವವಳು. ಮೋಲ್ಡಿನಿಂದ ಪ್ರಾಯೋಗಿಕವಾಗಿ ಕೆಲವು ತುಂಡುಗಳನ್ನು ತೆಗೆದು, ತಪ್ಪು ಕಂಡಲ್ಲಿ ಫೈಲು ತಿದ್ದಿ, ಮತ್ತೆ ತೆಗೆದು ನೋಡಿ, ಹೀಗೆ ವಾರಗಟ್ಟಲೆ ತಿದ್ದಿದ್ದಳು. ಆ ಪ್ರಯೋಗವನ್ನು ಗಿರಾಕಿ ಒಪ್ಪುವವರೆಗೆ ಫೈಲನ್ನು ಸರ್ವರಿಗೆ ಏರಿಸುವುದಿಲ್ಲ, ಅದು ಪೀಣ್ಯದ ಪದ್ಧತಿ. ಅರೆಬರೆ ಫೈಲು ಮೇಲಿದ್ದರೆ ಯಾರಾದರೂ ಅದನ್ನೇ ಮೆಷಿನ್ನಿಗೆ ಹಾಕಿಬಿಟ್ಟಾರು ಎಂಬ ಹೆದರಿಕೆ. ಹಾಗಾಗಿ ತಿದ್ದುಪಡಿಯೆಲ್ಲ ಅವಳ ಕಂಪ್ಯೂಟರಿನಲ್ಲಿ ಮಾತ್ರ ಇತ್ತು, ಲಾಕಿನ ರಕ್ಷಣೆಯಲ್ಲಿ.

ಹಬ್ಬಕ್ಕೆ ಶೆಡ್ಡಿನ ಕರೆಂಟು ತೆಗೆದರು. ಭಾನುವಾರ ಲಾಕಿನ ಆಯುಸ್ಸು ಮುಗಿಯಿತು. ಸೋಮವಾರ ಬೆಳಿಗ್ಗೆ ಅವರದೇ ಎರಡನೆಯ ಶೆಡ್ಡಿನಲ್ಲಿ ಇನ್ನೊಬ್ಬ ಆ ಫೈಲಿಗೆ ಲಾಕ್ ಇಲ್ಲದಿರುವುದನ್ನು ನೋಡಿ, ಕೆಲಸ ಮುಗಿದಿದೆ ಎಂದುಕೊಂಡು ತಾನು ಲಾಕ್ ಹಾಕಿ ಸರ್ವರಿನಲ್ಲಿದ್ದ ಹಳೆಯ ಪ್ರತಿ ತೆಗೆದ. ಅದರಲ್ಲಿ ಏನೋ ಸಣ್ಣದು ಸರಿಮಾಡಿ ಏರಿಸಿದ, ಮೆಷಿನ್ನಿಗೂ ಹಾಕಿದ. ಅಷ್ಟರಲ್ಲಿ ಈಚೆ ಅವಳ ಕಂಪ್ಯೂಟರ್ ಶುರುವಾಯಿತು. ಲಾಕ್ ಇವಳದಲ್ಲ, ಸರ್ವರಿನಲ್ಲಿ ಹೊಸದು ಬಂದಿದೆ ಎಂದು ಕಂಡು, ನಮ್ಮ ಪ್ರೋಗ್ರಾಮ್ ಬಹಳ ವಿಧೇಯವಾಗಿ ಅವಳ ಪ್ರತಿಯ ಮೇಲೆ ಅದನ್ನು ಹೊದಿಸಿತು. ವಾರಗಳ ಕೆಲಸ ಹೋಯಿತು. ಮೆಷಿನ್ ತಿದ್ದದ ಹಳೆಯ ಅಳತೆಯಲ್ಲೇ ಆಳಕ್ಕೆ ಕೊರೆದು ಸ್ಟೀಲೂ ಹೋಯಿತು.

ಮಾಲೀಕರು ಪರದೆಯ ಮೇಲೆ ಬೆರಳಿಟ್ಟರು. ಚರಿತ್ರೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಲಾಕ್ ಬಿಟ್ಟವರು, ಅವಳ ಹೆಸರು.

“ಇವಳೇ ಬಿಟ್ಟವ್ಳೆ ಅಂತ ಐತಲ್ಲ. ಕೇಳಿದ್ರೆ ನಾ ಬಿಟ್ಟಿಲ್ಲ ಅಂತಾಳೆ. ಸುಳ್ಳು ಯೋಳೋದು ಯಾಕೆ? ಮಾಡಿದ್ದನ್ನ ಒಪ್ಕೊಂಬುಟ್ರೆ ನಾನೂ ಇಷ್ಟು ಬೇಜಾರ್ ಮಾಡ್ಕೊಂತಿರ್ಲಿಲ್ಲ.”

ಅವಳನ್ನು ಕಂಪ್ಯೂಟರಿನಿಂದ ಎಬ್ಬಿಸಿ ಪ್ಯಾಕಿಂಗ್ ಕಡೆಗೆ ಹಾಕಿದ್ದರು. ತಿಂಗಳ ಕೊನೆಗೆ ಕೆಲಸ ಬಿಡಿಸಿ ಕಳಿಸುವುದೆಂದೂ ಹೇಳಿದ್ದರು. ಹೋಗಿ ಮಾತಾಡಿಸಿದೆ. ಡಬ್ಬಕ್ಕೆ ಟೇಪ್ ಅಂಟಿಸುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಳು.

“ನಾ ಬಿಟ್ಟಿಲ್ರೀ ಮೇಡಂ. ಪೂಜಾ ಮುಗಿಸಿ ಕಂಪ್ಯೂಟರ್ ಬಂದ್ ಮಾಡೀನಿ. ಆಮ್ಯಾಗ ಹಬ್ಬದಾಗ ಅದನ್ನ ಯಾರರ ಮುಟ್ಟತಾರೇನ್ರೀ? ನಮ್ಮ ಸಾಹೇಬ್ರಿಗೂ ಗೊತ್ತೈತಿ. ಆದ್ರ ಅದರಾಗ ನನ್ನ ಹೆಸರ ಐತಲ್ಲ, ನಾ ಏನ್ ಹೇಳಿದ್ರೂ ನಡ್ಯಂಗಿಲ್ಲ.”

“ನೀವು ಬಿಟ್ಟಿಲ್ಲ ಅಂತ ನಂಗೊತ್ತು,” ಎಂದೆ.

“ನಿಮಗ ಗೊತ್ತಿದ್ದು ಏನ್ ಮಾಡ್ಲಿರೀ. ಅವ್ರಿಗೆ ಹೇಳ್ರಿ.”

ಹೇಳಿದೆ. ಸರ್ವರ್ ಬಿಟ್ಟಿದೆ, ಅವಳ ಹೆಸರಿನಲ್ಲಿ ಬರೆದಿದೆ, ತಪ್ಪು ನಮ್ಮದು ಎಂದು ಮಾಲೀಕರಿಗೆ ಬಿಡಿಸಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ಬಾಯ್ಮಾತು ಬ್ಯಾಡ ಮೇಡಂ. ನಮ್ ಕಸ್ಟಮರು ಆಡಿಟ್ಟಿಗೆ ಬಂದಾಗ ನೋಡೋದು ಇದನ್ನೇ. ಇದ್ರಾಗೆ ತೋರ್ಸಿ, ಒಪ್ಕೊಂತೀನಿ. ನೀವೇ ಅಲ್ವಾ ಮಾರುವಾಗ ಯೋಳಿದ್ದು, ಇದ್ರಾಗಿರೋದು ಎಲ್ಲಾ ನಿಜ ಅಂತ?”

ಹಾಗೆ ಹೇಳಿದ್ದು ಮಾರಾಟದವರು. ಆದರೆ ಆ ಹೊತ್ತಿನಲ್ಲಿ ಅವರೂ ನಾವೂ ಒಂದೇ.

ಆಫೀಸಿಗೆ ಬಂದು ಮೀಟಿಂಗ್ ಕರೆದೆ. ಪ್ರಾಡಕ್ಟ್ ಮ್ಯಾನೇಜರ್ ಕೆಟ್ಟವನಲ್ಲ. ಎಲ್ಲ ಕಡೆಯಿಂದ ಒದೆ ತಿಂದು ತಿಂದು ಯಾವ ಸಮಸ್ಯೆಯನ್ನೂ ಅಂದೇ ಮುಗಿಸಿಬಿಡಬೇಕೆಂಬ ಚಟ ಹತ್ತಿಸಿಕೊಂಡಿದ್ದ. ಅವನು ಮೊದಲು ಹೇಳಿದ್ದು, ಏರಿಸದೆ ಇಟ್ಟುಕೊಂಡದ್ದು ಬಳಸುವವರ ತಪ್ಪು ಎಂದು ಉತ್ತರ ಕೊಡೋಣ ಎಂದು. ಅದಕ್ಕೆ ನನ್ನ ಮುಖ ನೋಡಿ ತಾನೇ ಹಿಂದೆ ಸರಿದ. ಆಮೇಲೆ ಹೇಳಿದ:

“ಸರಿ, ಡೇಟಾಬೇಸಲ್ಲಿ ಆ ಒಂದು ಸಾಲು ಬದಲಾಯಿಸಿಬಿಡೋಣ. ಅವರ ಹೆಸರು ತೆಗೆದು ಸಿಸ್ಟಮ್ ಅಂತ ಹಾಕಿದ್ರೆ ಆಯ್ತು. ಇವತ್ತು ಸಂಜೆನೇ ಮುಗೀತು. ಅವರ ಕೆಲ್ಸಾನೂ ಉಳೀತು. ಅಲ್ವಾ?”

ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಪ್ಯಾಕಿಂಗ್ ಮಾಡುತ್ತಿದ್ದ ಆ ಕೈಗಳು ಕಣ್ಣ ಮುಂದಿದ್ದವು. ಒಂದು ಸಾಲು, ಒಂದು ನಿಮಿಷದ ಕೆಲಸ. ಸರ್ವರ್ ಇಂಜಿನಿಯರ್ ಆಗಲೇ ಲ್ಯಾಪ್‌ಟಾಪ್ ಎಳೆದುಕೊಂಡಿದ್ದ. ತಡಿ ಎಂದೆ. ಆ ಭಾನುವಾರ ಸರ್ವರ್ ಎಷ್ಟು ಜನರ ಹೆಸರಿನಲ್ಲಿ ಲಾಕ್ ಬಿಟ್ಟಿದೆ ನೋಡು ಎಂದೆ. ನೋಡಿದ. ಪಟ್ಟಿ ಕೆಳಗೆ ಜಾರುತ್ತಲೇ ಹೋಯಿತು. ಹತ್ತಾರು ಕಾರ್ಖಾನೆ, ಬಕೆಟ್ಟಿನ ಮೋಲ್ಡ್ ಮಾಡುವವರು, ಬಾಟಲಿಯ ಮೋಲ್ಡ್ ಮಾಡುವವರು. ಅವರಲ್ಲಿ ಯಾರಾದರೂ ಬೈಸಿಕೊಂಡಿದ್ದಾರೋ, ಯಾರ ಕೆಲಸ ಹೋಗಿದೆಯೋ ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ಅವರ ಮಾಲೀಕರು ನಮಗೆ ಫೋನ್ ಮಾಡಿರಲಿಲ್ಲ, ಅಷ್ಟೆ.

ಇನ್ನೊಂದು ಮಾತೂ ಇತ್ತು. ಚರಿತ್ರೆಯನ್ನು ಯಾರೂ, ನಾವೂ, ತಿದ್ದುವಂತಿಲ್ಲ ಎಂಬುದರ ಮೇಲೆಯೇ ನಮ್ಮ ಇಡೀ ವ್ಯವಸ್ಥೆ ನಿಂತಿತ್ತು. ಒಳ್ಳೆಯ ಉದ್ದೇಶಕ್ಕೆಂದು ಒಮ್ಮೆ ಸದ್ದಿಲ್ಲದೆ ತಿದ್ದಿದರೆ, ಮುಂದೆ ಯಾರ ಹೆಸರು ಅಲ್ಲಿದ್ದರೂ ಅದಕ್ಕೆ ಬೆಲೆಯಿಲ್ಲ. ನಾಳೆ ಇನ್ನೊಬ್ಬ ಮಾಲೀಕ ಫೋನ್ ಮಾಡಿ, ಹೆಸರು ತೆಗೆಯಿರಿ ಎನ್ನುವ ಬದಲು ಹೆಸರು ಹಾಕಿರಿ ಎಂದರೆ?

ಹಾಗಾಗಿ ದೊಡ್ಡ ದಾರಿ ಹಿಡಿದೆವು. ರಿಲೀಸ್ ಎಂಬ ಆಜ್ಞೆಯನ್ನು ಒಡೆಯುವುದು. ಹಾಕಿದವರೇ ಬಿಟ್ಟರೆ ಒಂದು ಆಜ್ಞೆ. ಬೇರೆಯವರು ಬಿಡಿಸಿದರೆ ಇನ್ನೊಂದು, ಅದಕ್ಕೆ ಬಿಡಿಸಿದವರ ಹೆಸರೂ ಕಾರಣವೂ ಕಡ್ಡಾಯ. ಸರ್ವರ್ ತಾನಾಗಿ ಲಾಕ್ ಬಿಡಿಸುವುದು ಪೂರ್ತಿ ಬಂದ್: ಸುದ್ದಿ ಇಲ್ಲದಿದ್ದರೆ ‘ಸುದ್ದಿ ಇಲ್ಲ’ ಎಂದಷ್ಟೇ ತೋರಿಸಬೇಕು, ಬಿಡಿಸುವ ಪಾಪ ಮನುಷ್ಯರೇ ಹೊರಬೇಕು. ಯಾರ ಪ್ರತಿಯ ಮೇಲಾದರೂ ಹೊಸದನ್ನು ಹೊದಿಸುವ ಮೊದಲು ಹಳೆಯದನ್ನು ಪಕ್ಕಕ್ಕೆ ಎತ್ತಿಡಬೇಕು. ಕೊನೆಯದಾಗಿ ‘ತಿದ್ದೋಲೆ’ ಎಂಬ ಹೊಸ ಆಜ್ಞೆ. ಹಳೆಯ ಸಾಲು ಹಾಗೇ ಇರುತ್ತದೆ, ಅದರ ಕೆಳಗೆ, ಅದು ತಪ್ಪು, ನಿಜ ಇದು, ಹೇಳಿದವರು ಇವರು ಎಂದು ಇನ್ನೊಂದು ಸಾಲು ಸೇರುತ್ತದೆ.

“ಹಳೇ ರಿಲೀಸ್ ಕರೆಯೋ ಕಸ್ಟಮರ್ ಪ್ರೋಗ್ರಾಮುಗಳೆಲ್ಲಾ ನಿಂತು ಹೋಗ್ತವೆ,” ಎಂದ ಮ್ಯಾನೇಜರ್. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಷ್ಟೇ ಇತ್ತು. “ಎಲ್ಲರಿಗೂ ಫೋನ್ ಮಾಡ್ಬೇಕು. ಯಾರು ಮಾಡ್ತಾರೆ?”

“ನಾನೇ ಮಾಡ್ತೀನಿ.”

“ತಿಂಗಳ ಕೊನೆಯೊಳಗೆ ಆಗತ್ತಾ?”

ಆಗುತ್ತದೆ ಎಂದೆ. ಆಗುತ್ತದೆಂಬ ನಂಬಿಕೆ ನನಗೇ ಇರಲಿಲ್ಲ.

ಆ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೆಳಿಗ್ಗೆ ಫೋನು, ಮಧ್ಯಾಹ್ನ ಕೋಡು, ಸಂಜೆ ಮತ್ತೆ ಫೋನು. ಒಬ್ಬೊಬ್ಬ ಗಿರಾಕಿಯ ಕಂಪ್ಯೂಟರ್ ವಿಭಾಗದವರಿಗೂ ಅದೇ ಕಥೆ. “ಯಾಕೆ ಮೇಡಂ, ಚೆನ್ನಾಗೇ ನಡೀತಿತ್ತಲ್ಲ” ಎಂದವರೇ ಹೆಚ್ಚು. ಕೆಲವರು ಆ ಊರಿಗೆ ಹೋದವನ ಕಾಟ ಮತ್ತೆ ಶುರುವಾಯಿತಲ್ಲ ಎಂದು ರೇಗಿದರು. ಒಬ್ಬರು ಮಾತ್ರ, “ಅಂದ್ರೆ ಅವತ್ತು ನಮ್ಮ ಮೆಷಿನ್ ಸೆಟ್ಟರ್ ಸುಳ್ಳು ಹೇಳಿರ್ಲಿಲ್ವಾ?” ಎಂದು ಕೇಳಿದರು. ಅವನನ್ನು ಆಗಲೇ ಕಳಿಸಿಬಿಟ್ಟಿದ್ದರಂತೆ. ನಂಬರೂ ಇರಲಿಲ್ಲವಂತೆ. ಆ ಫೋನ್ ಇಟ್ಟ ಮೇಲೆ ನಾನು ಕೆಳಗಿಳಿದು, ಗೇಟಿನ ಹೊರಗೆ ಎಳನೀರಿನ ಗಾಡಿಯ ಪಕ್ಕ ನಿಂತು ಅತ್ತೆ. ಎಳನೀರಿನವನು ಸ್ಟೂಲ್ ಕೊಟ್ಟ.

ಪರೀಕ್ಷೆಯಲ್ಲಿ ಎರಡು ಸಲ ಕೈಕೊಟ್ಟಿತು. ಹಳೆಯ ಪ್ರತಿ ಎತ್ತಿಡುವ ಕೆಲಸ ದೊಡ್ಡ ಫೈಲುಗಳಿಗೆ ಕಾರ್ಖಾನೆಯ ಕಂಪ್ಯೂಟರಿನ ಜಾಗವೆಲ್ಲ ತಿಂದು ಅದನ್ನೇ ಮಲಗಿಸುತ್ತಿತ್ತು. ಸರ್ವರ್ ಇಂಜಿನಿಯರ್ ಊಟ ಬಿಟ್ಟು ಅದನ್ನು ಸರಿಮಾಡಿದ. ತಾನು ಅಂದು ‘ಕೆಲ್ಸ ಒಂದೇ ತಾನೇ’ ಎಂದದ್ದನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಗೆ ತಿದ್ದೋಲೆಯಲ್ಲಿ ಯಾರ ಹೆಸರು ಬರಬೇಕು ಎಂಬ ಪ್ರಶ್ನೆ ಬಂತು. ಸಿಸ್ಟಮ್ ಎಂದು ಹಾಕೋಣ ಎಂದ ಮ್ಯಾನೇಜರ್. ಸಿಸ್ಟಮ್ಮಿಗೆ ಯಾರೂ ಫೋನ್ ಮಾಡಿ ಕೇಳಲಾರರು ಎಂದು ನನ್ನ ಹೆಸರನ್ನು ಹಾಕಿದೆ. ಆ ಭಾನುವಾರದ ಪ್ರತಿ ಸಾಲಿನ ಕೆಳಗೂ ಈಗ ನನ್ನ ಹೆಸರಿದೆ.

ತಿಂಗಳು ಮುಗಿಯುವ ಮೊದಲೇ ಪೀಣ್ಯಕ್ಕೆ ಹೋದೆ. ಮಾಲೀಕರು ಕನ್ನಡಕ ಹಾಕಿಕೊಂಡು ಎರಡೂ ಸಾಲನ್ನು ಓದಿದರು, ಮತ್ತೊಮ್ಮೆ ಓದಿದರು. “ಸರಿ ಬುಡಿ” ಎಂದು ಅವಳನ್ನು ಕರೆಸಿದರು.

“ನೋಡಮ್ಮ, ಸಿಸ್ಟಮ್ದೇ ತಪ್ಪಂತೆ. ಮೇಡಮ್ಮೇ ಬರ್ದವ್ರೆ. ನಾಳೆಯಿಂದ ನಿನ್ ಜಾಗಕ್ಕೆ ಕೂತ್ಕೋ.”

“ನಾ ಅವತ್ತ ಅದನ್ನ ಹೇಳಿದ್ನಲ್ರೀ ಸರ,” ಎಂದಳು.

ಮಾಲೀಕರು ಫೋನ್ ಬಂತೆಂದು ಎದ್ದು ಹೊರಗೆ ಹೋದರು. ನಾವಿಬ್ಬರೇ ಉಳಿದೆವು. ಹೋದ ಕೆಲಸವನ್ನು ನಮ್ಮಿಂದ ಹಿಂದೆ ತರಲಾಗಲಿಲ್ಲ, ಎಷ್ಟು ಹುಡುಕಿದರೂ ಆ ಪ್ರತಿ ಸಿಗಲಿಲ್ಲ ಎಂದು ಹೇಳಿದೆ. ಅವಳಿಗೆ ಗೊತ್ತಿತ್ತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು. ಹೊಸ ಎಪಿಐ ಬಗ್ಗೆ ಹೇಳತೊಡಗಿದೆ: ಇನ್ನು ಯಾರೂ ನಿಮ್ಮ ಹೆಸರಿನಲ್ಲಿ ಏನೂ ಮಾಡಲಾರರು, ನಿಮ್ಮ ಪ್ರತಿ ಪಕ್ಕಕ್ಕೆ ಉಳಿಯುತ್ತದೆ, ಹೀಗೆ.

ಅವಳು ಮರ್ಯಾದೆಗೆ ಕೇಳಿಸಿಕೊಂಡಳು. ಆಮೇಲೆ ಬ್ಯಾಗಿನಿಂದ ಒಂದು ಪೆನ್ ಡ್ರೈವ್ ತೆಗೆದಳು. ಹೊಸದು, ಪ್ಲಾಸ್ಟಿಕ್ ಕವರ್ ಇನ್ನೂ ಹರಿದಿರಲಿಲ್ಲ. ಹಲ್ಲಿನಿಂದ ಹರಿದಳು.

“ಮೇಡಂ, ಸಿಟ್ಟಾಗಬ್ಯಾಡ್ರಿ. ದಿನಾ ಸಂಜೀಕ ನನ್ನ ಫೈಲ್ ಇದರಾಗ ಹಾಕ್ಕೊಂಡು ಮನೀಗೆ ಒಯ್ತೀನಿ. ಯಾವ ಫೋಲ್ಡರಿಂದ ತಗೀಬೇಕ, ಅದೊಂದು ತೋರಿಸ್ರಿ.”

ಕಾರ್ಖಾನೆಯ ಫೈಲುಗಳು ಪೆನ್ ಡ್ರೈವಿನಲ್ಲಿ ಹೊರಗೆ ಹೋಗಬಾರದು ಎಂಬುದಕ್ಕೇ ಜನ ನಮ್ಮ ವ್ಯವಸ್ಥೆಯನ್ನು ಕೊಳ್ಳುತ್ತಾರೆ. ನಾನು ಬಾಗಿಲ ಕಡೆ ನೋಡಿದೆ. ಮಾಲೀಕರು ಇನ್ನೂ ಫೋನಿನಲ್ಲಿದ್ದರು. ಕುರ್ಚಿ ಎಳೆದುಕೊಂಡು ಕೂತು ಫೋಲ್ಡರ್ ತೋರಿಸಿದೆ.